ಬೆನ್ನ ಕಡೆಯಿಂದ

ಮೊದಲನೆಯದು ಮೋಸವೇನಲ್ಲ, ನನ್ನದೇ ಪೆದ್ದುತನ.
ಸ್ಪ್ರಿಂಗ್‌ವೇಲಿನ ಗೋದಾಮು, ಎಪ್ಪತ್ತು ಪರ್ಸೆಂಟ್ ಕಡಿತ,
ಕೊನೆಯ ಮೂರು ದಿನ ಅಂತ ಮೂರು ವರ್ಷದಿಂದ ಬರೆದಿತ್ತು.
ತಂದು ಹಾಸಿದೆ. ವಾರದೊಳಗೆ
ಅಂಚಿನ ಕುಚ್ಚು ಅಂಟು ಬಿಟ್ಟು
ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಶಾವಿಗೆಯಂತೆ ಹೋಯಿತು.
ಬೆಳ್ಳಗಿರೋದೆಲ್ಲ ಹಾಲಲ್ಲ, ಅಂದಳು ಅಕ್ಕ ಫೋನಿನಲ್ಲಿ.
ನನ್ನದು ಕೆಂಪಗಿತ್ತು, ಅಂದೆ.

ಅದಕ್ಕೇ ಈ ಶನಿವಾರ ಡ್ಯಾಂಡೆನಾಂಗ್.
ಥಾಮಸ್ ಸ್ಟ್ರೀಟಿನಲ್ಲಿ ತಂದೂರಿ ರೊಟ್ಟಿಯ ವಾಸನೆ ದಾಟಿ
ನವರೋಜ್ ಅಲಿಯ ಮಳಿಗೆ.
ಮೊಣಕಾಲೆತ್ತರದ ರಾಶಿ, ಸೊಂಟದೆತ್ತರದ ರಾಶಿ,
ಮೂಲೆಯಲ್ಲಿ ಸುರುಳಿಗಳು, ಯಾರೂ ಮಾತಾಡಿಸದ ನೆಂಟರ ಹಾಗೆ.
ಅವನ ಹಿಂದಿ ಸಿನಿಮಾದ್ದು, ನನ್ನದು ಹುಬ್ಬಳ್ಳಿಯದು.

ನಾನು ಹೂವು ನೋಡಿದೆ, ಬಣ್ಣ ನೋಡಿದೆ.
ಅವನು ಮೂಲೆ ಹಿಡಿದು
ದೋಸೆಯಂತೆ ಮಗುಚಿ ಹಾಕಿದ.
"ಮುಖ ಎಲ್ಲರೂ ತೊಳೆದುಕೊಂಡೇ ಬರುತ್ತಾರೆ.
ಬೆನ್ನು ನೋಡು."

ಬೆನ್ನಲ್ಲೂ ಅದೇ ಹೂವು, ಕೊಂಚ ಮಂಕು,
ಒಂದೊಂದು ಗಂಟೂ ಸಾಸಿವೆ ಕಾಳು.
ಯಂತ್ರದ್ದಾದರೆ ಶಾಲೆಯ ಪ್ರಾರ್ಥನೆಗೆ ನಿಂತ ಸಾಲು;
ಇದು ರೇಷನ್ ಕ್ಯೂ.
ಕುಚ್ಚು ಹೊಲಿದದ್ದಲ್ಲ. ಹಾಸುನೂಲೇ
ಉದ್ದಕ್ಕೂ ಒಳಗೊಳಗೆ ಬಂದು
ಅಂಚಿನಲ್ಲಿ ಉಸಿರು ಬಿಟ್ಟದ್ದು.
ಕರವಸ್ತ್ರ ಒದ್ದೆ ಮಾಡಿ ಕೆಂಪಿನ ಮೇಲೆ ಉಜ್ಜಿಸಿದ,
ಬಟ್ಟೆ ಬಿಳಿಯೇ ಉಳಿಯಿತು.
ನೀಲಿ ಮಾತ್ರ ನಡುವೆ ದಿಢೀರನೆ ತಿಳಿ.
ಮಾಸಿದ್ದಾ?
"ಹಂಡೆ ಬದಲಾದದ್ದು. ಈ ಹಂಡೆಯ ನೀಲಿ
ಆ ಹಂಡೆಗೆ ಬರೋದಿಲ್ಲ."

ನಾನೂ ಓದಿಕೊಂಡು ಹೋಗಿದ್ದೆನಲ್ಲ, ಕೇಳಿದೆ:
ಬೇಕಂತಲೇ ಮಾಡಿದ ತಪ್ಪು ಒಂದಿರುತ್ತಂತೆ,
ದೇವರಿಗೆ ಬಿಟ್ಟದ್ದು. ತೋರಿಸಿ.
ನಕ್ಕ. ಹಲ್ಲಿನ ಸಂದಿಯಲ್ಲಿ ಏಲಕ್ಕಿ ಸಿಪ್ಪೆ.
"ಅದು ಗಿರಾಕಿಗೆ ಹೇಳುವ ಕಥೆ.
ನಮ್ಮಮ್ಮ ತಪ್ಪಿದ್ದು ಜ್ವರ ಬಂದಾಗ,
ದೀಪದ ಎಣ್ಣೆ ಮುಗಿದಾಗ.
ದೇವರಿಗೆಂದು ಒಂದು ಗಂಟೂ ಬಿಟ್ಟವಳಲ್ಲ."

ಏನು ಕೆಲಸ ನಿನ್ನದು?
ರಕ್ತ ತೆಗೆಯುತ್ತೇನೆ, ಲ್ಯಾಬಿನಲ್ಲಿ, ದಿನಕ್ಕೆ ನಲವತ್ತು ತೋಳು.
"ಹಾಗಾದರೆ ಕಣ್ಣು ಮುಚ್ಚು."
ಮುಚ್ಚಿದೆ. ಬೆನ್ನ ಮೇಲೆ ಬೆರಳಿಟ್ಟೆ
ನರ ಹುಡುಕುವಾಗ ಇಡುವ ಹಾಗೇ, ಒತ್ತದೆ.
ಎಡದಿಂದ ಬಿಗಿ. ಬಿಗಿ. ಒಂದು ಗೇಣು, ಇನ್ನೂ ಒಂದು ಗೇಣು, ಬಿಗಿ,
ಆಮೇಲೆ ಸಡಿಲ.
ಗೆರೆ ಕೊರೆದಂತೆ, ಮೇಲಿಂದ ಕೆಳತನಕ.
ಇಬ್ಬರು, ಅಂದೆ.
"ಇಬ್ಬರು. ಒಂದೇ ಹಲಗೆಯ ಮೇಲೆ."
ಅತ್ತೆ ಸೊಸೆಯೋ?
"ಆಗಿದ್ದರೆ ಎರಡೂ ಬಿಗಿಯಿರುತ್ತಿತ್ತು."

ನಿಮ್ಮ ಕಡೆ ಗಂಟು ಹಾಕುವುದಿಲ್ಲವಾ, ಅಂದ, ಚಹಾ ಬಗ್ಗಿಸುತ್ತ.
ನವಲಗುಂದದ ಜಮಖಾನೆ ಹೇಳಿದೆ:
ನವಿಲಿರುತ್ತೆ, ಪಗಡೆಯ ಹಾಸಿರುತ್ತೆ, ಗಂಟಿರೋದಿಲ್ಲ.
ಆಮೇಲೆ ಬಾಯಿ ಜಾರಿತು:
ನಮ್ಮಲ್ಲಿ ಹಾಕುವುದು ಮೂರೇ ಗಂಟು, ಕೊರಳಿಗೆ.
ನನ್ನವು ಬಿಚ್ಚಿಕೊಂಡವು. ಅದಕ್ಕೇ ಮನೆ ಬರಿನೆಲ.
ಸಕ್ಕರೆ ಬಟ್ಟಲು ನನ್ನತ್ತ ದೂಡಿದ,
ಏನೂ ಕೇಳಿಸದವನಂತೆ ಬೆಲೆ ಹೇಳಿದ:
ಸಾವಿರದ ನಾನೂರು.

ಒಂಬೈನೂರು, ಅಂದೆ. ಅಂದ ಮೇಲೆ ನಾಚಿಕೆಯಾಯಿತು,
ಸಾಸಿವೆ ಎಣಿಸಿದವರ ಎದುರು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು
ಹಾಸಿಗೆ ಕೊಳ್ಳುವಾಗ ಯಾವ ಕೆಲಸಕ್ಕೂ ಬರುವುದಿಲ್ಲ.
ಸಾವಿರದ ಇನ್ನೂರಕ್ಕೆ ಮುಗಿಯಿತು. ಹಗ್ಗ ಬಿಟ್ಟಿ.

ರೈಲಿನಲ್ಲಿ ಸುರುಳಿಗೂ ಒಂದು ಸೀಟು.
ಟಿಕೆಟ್ ನೋಡುವವನು ಅದನ್ನೂ ಒಮ್ಮೆ ನೋಡಿದ.

ಮನೆಯಲ್ಲಿ ಬಿಚ್ಚಿದೆ, ಮುಖ ಕೆಳಗೆ.
ಇರಲಿ ಹೀಗೇ, ಇವತ್ತೊಂದು ರಾತ್ರಿ.
ತಟ್ಟೆ ಹಿಡಿದು ಸಡಿಲದ ಕಡೆ ಕೂತೆ.
ಸಾರಿನ ಒಂದು ಹನಿ ಬಿತ್ತು, ನಾನಿನ್ನೂ ಹೊಸಬಳು.
ಒದ್ದೆ ಬಟ್ಟೆ ತಂದು ಒರೆಸಿದೆ.
ಬಟ್ಟೆಯಲ್ಲಿ ಸಾರಿನ ಬಣ್ಣ,
ಅದೊಂದೇ.