ಬುಟ್ಟಿ ಹೊರುವ ಮುಂಚೆ

ಬೆನ್ನು ಬಾಗಿಸು, ವೆನಿಂಗ್. ಇನ್ನೂ ಸ್ವಲ್ಪ.
ಶಾಲನ್ನು ಹೆಗಲ ಮೇಲಿಂದೆಳೆದು ಎದೆಯ ಮುಂದೆ ಗಂಟು ಹಾಕು,
ಮಗುವನ್ನು ಕಟ್ಟಿಕೊಂಡ ಹಾಗೆ.
ಎಂಟು ಸೀಸೆ. ಅಳುವುದಿಲ್ಲ, ತುಳುಕುತ್ತವೆ.

ಸೋಲೋ ಪಟ್ಟಣಕ್ಕೆ ಮೊದಲ ಬಸ್ಸು ಐದಕ್ಕೆ.
ಮಸೀದಿಯ ಕೂಗು ಮುಗಿಯುವಷ್ಟರಲ್ಲಿ
ಬೇರು ಕುಟ್ಟಿ, ಹಿಂಡಿ, ಸೋಸಿ, ಕುದಿಸಿ ಆಗಿರಬೇಕು.
ಹುಣಸೆ, ತಾಳೆಬೆಲ್ಲ, ಚಿಟಿಕೆ ಉಪ್ಪು.
ಅಳತೆ ಕೇಳಬೇಡ, ನನ್ನತ್ತೆಯೂ ಹೇಳಲಿಲ್ಲ.
ನಾಲಿಗೆಗೆ ಮೊದಲು ಹುಳಿ ಬರಬೇಕು,
ಆಮೇಲೆ ಮಣ್ಣು.

ಸಂತೆಯಲ್ಲಿ ಪುಡಿ ಕೊಳ್ಳಬೇಡ.
ಕಣ್ಣು ಕುಕ್ಕುವ ಹಳದಿ ಕಂಡರೆ ಎರಡು ಅಂಗಡಿ ಮುಂದೆ ಹೋಗು,
ಯಾವ ಬಣ್ಣ ಕಲಸಿದ್ದಾರೋ,
ಯಾರ ಮಗುವಿನ ನೆತ್ತಿಗೆ ಏರುತ್ತದೋ ಆ ಸೀಸದ ವಿಷ.
ಬೇರನ್ನೇ ಕೊಳ್ಳು. ಉಗುರಿಂದ ಮುರಿ.
ಹೊರಗೆ ಸುಕ್ಕು ಮುದುಕಿ, ಒಳಗೆ ಕೆಂಡ:
ಅದು ಸಾಚಾ.

ಏನಕ್ಕೆ ಒಳ್ಳೆಯದು ಅಂತ ಕೇಳುತ್ತಾರೆ.
ಬಾಟಿಕ್ ಅಂಗಡಿಯ ಹುಡುಗಿಯರು ತಿಂಗಳ ನೋವಿಗೆ ಕುಡಿಯುತ್ತಾರೆ,
ಅವರಮ್ಮಂದಿರಿಗೂ ನಾನೇ ಸುರಿದಿದ್ದೆ.
ಸೈಕಲ್ ರಿಕ್ಷಾದ ಸಮಿಜಾನ್ ತನ್ನ ಮಂಡಿಗೆ ಅಂತಾನೆ.
ಆ ಮಂಡಿ ಸಡಿಲಾಗುವುದು ಬೇರಿನಿಂದಲೋ
ನೆರಳಲ್ಲಿ ಕೂತು ಹರಟುವ ಹತ್ತು ನಿಮಿಷದಿಂದಲೋ
ನನಗೆ ಗೊತ್ತಿಲ್ಲ.
ಗೊತ್ತು ಅಂತ ನೀನೂ ಹೇಳಬೇಡ.
ಕ್ಯಾನ್ಸರ್ ವಾಸಿಯಾಗುತ್ತದಾ ಅಂತ ಕೇಳಿದವರಿಗೆ
ಆಸ್ಪತ್ರೆ ಬಸ್ಸಿನ ನಂಬರು ಹೇಳು.

ಈಗ ಹೇಳುವುದನ್ನು ನಿನ್ನ ಮಾವನಿಗೂ ಹೇಳಿಲ್ಲ.
ತೋಫು ಮಾಡುವ ಕಸ್ಮಿರಾನ್,
ಒಂದು ಬೆಳಿಗ್ಗೆ ಕಣ್ಣೆಲ್ಲ ಹಳದಿಯಾಗಿ ಬಂದು ಕೂತ.
ಹಳದಿಗೆ ಹಳದಿಯೇ ಮದ್ದು ಅಂದುಕೊಂಡೆ,
ಎರಡು ಲೋಟ ಸುರಿದೆ, ಮೂರನೆಯದು ಪುಕ್ಕಟೆ.
ಕಾಮಾಲೆ ಅವನ ಕಣ್ಣಿಗೆ,
ಕಂಡದ್ದೆಲ್ಲ ಹಳದಿ ನನಗೆ.
ಪಿತ್ತದ ದಾರಿಯಲ್ಲಿ ಕಲ್ಲು ಕೂತಿತ್ತಂತೆ,
ಬೇರು ಹೋಗಿ ಆ ಮುಚ್ಚಿದ ಬಾಗಿಲನ್ನು ಒದ್ದಿತಂತೆ.
ರಾತ್ರಿ ಅವನು ಕೂಗಿದ್ದು ಸೋಯಾ ರುಬ್ಬುವ ಯಂತ್ರದ ಸದ್ದನ್ನೂ ದಾಟಿತು.
ಹೊಟ್ಟೆ ಕೊಯ್ದು ಉಳಿಸಿದರು.
ಈಗಲೂ ನನ್ನ ಹತ್ತಿರ ಕೊಳ್ಳುತ್ತಾನೆ, ಬೇರೆ ಸೀಸೆಯಿಂದ,
ಒಂದು ಮಾತೂ ಅಂದಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಅರಿಯದೆ ಅರಿಶಿನ ಕೊಟ್ಟ ಕೈ ಇದು, ನೋಡು,
ಸೋಪಿಗೂ ಹೋಗುವುದಿಲ್ಲ.

ಹಾಗಾಗಿ ಮೊದಲು ಕೇಳು, ಆಮೇಲೆ ಸುರಿ.
ಯಾವ ಮಾತ್ರೆ ನುಂಗುತ್ತೀರಿ, ಆಪರೇಷನ್ ಇದೆಯಾ,
ಮೈ ಸುಮ್ಮಸುಮ್ಮನೆ ನೀಲಿಗಟ್ಟುತ್ತದಾ.
ದರ್ಮಾಜಿ ಮೇಷ್ಟ್ರು ಎದೆಗೆ ನಳಿಗೆ ಹಾಕಿಸಿಕೊಂಡವರು,
ರಕ್ತ ತೆಳುವಾಗಿಸುವ ಗುಳಿಗೆ ದಿನಾ ಒಂದು.
ಅವರಿಗೆ ಬರೀ ಹುಣಸೆ-ಬೆಲ್ಲದ ನೀರು.
ಮುದುಕಿ, ನನ್ನನ್ನು ಮಗು ಮಾಡಿದೆ ಅಂತ ಬೈಯುತ್ತಾರೆ.
ಬೈಸಿಕೋ. ದುಡ್ಡು ಅಷ್ಟೇ ಕೊಡುತ್ತಾರೆ.

ಆ ಕೊನೆಮನೆ ಅಳಿಯ ಮಾರುವ ಕ್ಯಾಪ್ಸೂಲು ಗೊತ್ತಲ್ಲ,
ಒಂದರಲ್ಲಿ ನೂರು ಬೇರಿನ ಬಲ, ಜೊತೆಗೆ ಕಾಳುಮೆಣಸಿನ ಸತ್ವ.
ನೂರು ಬೇರು ಯಾರಾದರೂ ತಿನ್ನುತ್ತಾರಾ?
ನನ್ನ ಲೋಟ ನಾಲಿಗೆಯನ್ನು ದಾಟಬೇಕು,
ಸಾಕು ಅಂತ ನಾಲಿಗೆಯೇ ಹೇಳುತ್ತದೆ.
ಗುಳಿಗೆ ನಾಲಿಗೆಯ ಕಣ್ಣು ತಪ್ಪಿಸಿ ಇಳಿಯುತ್ತದೆ,
ಲೆಕ್ಕ ಕೇಳುವ ಹೊತ್ತಿಗೆ ಎದುರಿಗೆ ಪಾಪ ಯಕೃತ್ತು ಒಂದೇ.

ಇನ್ನು ಬಸುರಿಯರಿಗೆ
ಸಾರಿನಲ್ಲಿ ಬಿದ್ದಷ್ಟು ಸಾಕು, ಸೀಸೆಯದು ಬೇಡ...

ತಾಳು.
ಆಗ ರುಚಿ ನೋಡು ಅಂದಾಗ
ಲೋಟ ತುಟಿಗೆ ತಾಗಿಸಿ ಕೆಳಗಿಟ್ಟೆ.
ನಿನ್ನೆಯೂ.
ಊರನ್ನೆಲ್ಲ ಕೇಳು ಅಂತ ಪಾಠ ಹೇಳುತ್ತ
ನಿನ್ನನ್ನೇ ಕೇಳಲಿಲ್ಲವಲ್ಲೇ ನಾನು.

ಗಂಟು ಬಿಚ್ಚು.
ನಗಬೇಡ, ಸೀಸೆ ಜಾರುತ್ತದೆ.
ಐದು ನನ್ನ ಬೆನ್ನಿಗೆ ಕಟ್ಟು, ಇನ್ನೂ ಗಟ್ಟಿ ಇದೆ ಇದು.
ಮೂರು ನೀನು ಕೈಯಲ್ಲಿ ಹಿಡಿ.
ಬಸ್ಸಿನಲ್ಲಿ ಕಿಟಕಿ ಕಡೆ ಕೂರು.