ಗುಣುಗು

ಇಲ್ಲಿ ನಮ್ಮ ಭಾನುವಾರ ಶುಕ್ರವಾರಕ್ಕೇ ಬರುತ್ತದೆ.
ರುವಿಯ ಚರ್ಚಿನ ಹಿಂದಿನ ಹಾಲಿನಲ್ಲಿ
ಕನ್ನಡಕ್ಕೆ ಸಿಕ್ಕಿರುವುದು ಒಂದೂವರೆ ತಾಸು;
ಮುಂಚೆ ಫಿಲಿಪಿನೋಗಳು, ಆಮೇಲೆ ತಮಿಳರು.
ನಾವು ಕೂರುವಾಗ ಕುರ್ಚಿ ಇನ್ನೂ ಬೆಚ್ಚಗಿರುತ್ತದೆ,
ಏಳುವಾಗ ಬಾಗಿಲಲ್ಲಿ ಆಗಲೇ ಮಲ್ಲಿಗೆಯ ವಾಸನೆ.

ಈ ವಾರ ಪಾಸ್ಟರು ಮಾರಾದ ನೀರು ಹಿಡಿದುಕೊಂಡರು.
ಮೂರು ದಿನ ಮರಳು ತುಳಿದು ಬಂದ ಜನ,
ಸಿಕ್ಕ ನೀರು ಕಹಿ, ಬಾಯಿಗೆ ಬಂದದ್ದು ಗುಣುಗು.
‘ಗುಣುಗುಟ್ಟಬೇಡಿ’ ಅಂದರು, ಮೂರು ಸಲ.
ಮೂರನೆಯದಕ್ಕೆ ಮೈಕು ಕಿರ್ರೆಂದಿತು.

ಸಂಜೆ ಬೆಟಗೇರಿಯ ಜಮಖಾನೆ ಹಾಸಿ
ಕೂರುವುದು ನಮ್ಮ ವಾಡಿಕೆ:
ನಾನು, ಹೆಫ್ಸಿಬಾ, ಮಗಳು ಜೆಮೀಮ,
ಮತ್ತೆ ಒಳಗೋಣೆ ಬಾಡಿಗೆಗೆ ಹಿಡಿದ ಬೀದರಿನ ಮನೋಹರ,
ಫ್ರಿಜ್ಜಿಗೆ ಒರಗಿ, ಅರ್ಧ ಜಮಖಾನೆಯ ಮೇಲೆ, ಅರ್ಧ ಹೊರಗೆ.
ಕೇಳಿದ್ದರಲ್ಲಿ ಮನಸ್ಸಿಗೆ ಅಂಟಿದ್ದು ಒಂದನ್ನು ಹೇಳಬೇಕು.
ಏನೂ ಅಂಟದವರು ಪಾತ್ರೆ ತೊಳೆಯಬೇಕು.
ಮಗ್ಗದ ಸದ್ದಿನ ಮನೆಯಲ್ಲಿ ನನ್ನಪ್ಪ ಮಾಡಿದ ಕಾಯಿದೆ.

ಜೆಮೀಮಳಿಗೆ ಅಂಟಿದ್ದು ಗಿಡ.
ಆರಾಧನೆಯ ಹಾಳೆಯ ಬೆನ್ನಿಗೆ ಬರೆದೂ ಇದ್ದಳು:
ಖರ್ಜೂರದ ಮರ, ಬುಡದಲ್ಲೊಂದು ಲೋಟ.
‘ಪಪ್ಪಾ, ಕಹಿ ಎಲ್ಲಿಗೆ ಹೋಯ್ತು?’

ಬರ್ಕಾದ ಸ್ಥಾವರದಲ್ಲಿ
ಹನ್ನೊಂದು ವರ್ಷದಿಂದ ಸಮುದ್ರ ಸಿಹಿ ಮಾಡುವವನು ನಾನು.
ಹೇಳಿದೆ: ಪೊರೆ, ಪಂಪು, ಒತ್ತಡ,
ಎರಡೂವರೆ ಲೋಟಕ್ಕೆ ಒಂದು ಲೋಟ ಸಿಹಿನೀರು,
ಉಳಿದದ್ದು ಇನ್ನಷ್ಟು ಉಪ್ಪಾಗಿ
ಕೊಳವೆ ಹಿಡಿದು ಮತ್ತೆ ಸಮುದ್ರಕ್ಕೇ.
ಕಹಿ ಹೋಗುವುದಿಲ್ಲ ಮಗಳೇ, ಜಾಗ ಬದಲಿಸುತ್ತದೆ.
ಪ್ರಸಂಗಕ್ಕೆ ಸಲ್ಲದ ಮಾತು ಅನ್ನಿಸುವಷ್ಟರಲ್ಲಿ
ಆಡಿ ಆಗಿತ್ತು.

ಹೆಫ್ಸಿಬಾ ಪುಟ ತಿರುವಿ ಇನ್ನೊಬ್ಬ ಮಾರಾಳನ್ನು ಹುಡುಕಿದಳು:
ಗಂಡನನ್ನೂ ಇಬ್ಬರು ಮಕ್ಕಳನ್ನೂ
ಪರದೇಶದ ಮಣ್ಣಿಗೆ ಕೊಟ್ಟು ಊರಿಗೆ ಮರಳಿ
ಇನ್ನು ನನ್ನ ಹೆಸರು ಕಹಿ ಎಂದ ಮುದುಕಿ.
‘ಆಕೀಗೆ ಯಾರೂ ಬೈಲಿಲ್ಲ ನೋಡ್ರಿ’ ಅಂದಳು.

ಮನೋಹರನದು ಎಂದಿನ ಉತ್ತರ:
‘ನಂದೇನಿಲ್ರೀ, ಪಾತ್ರಿ ನಾ ತೊಳೀತೀನಿ.’
ತೋಳು ಮಡಚಿ ಎದ್ದವನು
ಅಡುಗೆಮನೆಯ ಹೊಸ್ತಿಲಲ್ಲಿ ನಿಂತ.
‘ಗಿಡ ಅಲ್ಲೇ ಇತ್ತಲ್ರೀ.
ಮೊದಲಿಂದ್ಲೂ ನೀರಿನ ಬಾಜೂಕೇ ನಿಂತಿತ್ತು.
ಜನ ಗುಣುಗುಟ್ಟದಿದ್ರ
ಆ ಮೋಶೆ ದೇವರನ್ನ ಕೂಗ್ತಿದ್ನೇನ್ರೀ?
ಕೂಗದಿದ್ರ ಅದನ್ನ ತೋರ್ಸೋರು ಯಾರು?’

ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳಿಸಿತು.
ಆಮೇಲೆ, ಅದೇ ದನಿಯಲ್ಲಿ,
ಐದು ತಿಂಗಳಿಂದ ಪಗಾರ ಆಗಿಲ್ಲ ಅಂದ.
ಬಣ್ಣ ಬಳಿದ ವಿಲ್ಲಾಕ್ಕೆ ಜನ ಬಂದು ಒಲೆ ಹಚ್ಚಿದ್ದೂ ಆಯಿತು,
ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿದೆ.
ಬಾಡಿಗೆ ಒಂದು ತಿಂಗಳೂ ತಪ್ಪಿಸಿರಲಿಲ್ಲ ಅವನು.
ವಾಚು ಎಲ್ಲಿ ಎಂದು ನಾನು ಕೇಳಿದ್ದು ನೆನಪಾಯಿತು,
ರಿಪೇರಿಗೆ ಕೊಟ್ಟೀನಿ ಎಂದು ಅವನು ನಕ್ಕದ್ದೂ.

ಮುಗಿಸುವ ಪ್ರಾರ್ಥನೆ ನನ್ನ ಪಾಲಿನದು.
ಕಣ್ಣು ಮುಚ್ಚಿದೆ; ಒಂದು ಪದವೂ ಬರಲಿಲ್ಲ.
ಆಮೆನ್ ಅಷ್ಟೇ ಹೇಳಿ
ಎದ್ದು ಹೋಗಿ ಪಾತ್ರೆ ತೊಳೆದೆ.
ನಲ್ಲಿಯಲ್ಲಿ ಬಂದದ್ದು ನಾನೇ ಸಿಹಿ ಮಾಡಿದ ನೀರು.

ಕಾರ್ಮಿಕ ಕಚೇರಿಯ ಚೀಟಿ ಈಗ ಫ್ರಿಜ್ಜಿನ ಮೇಲೆ,
ಜೆಮೀಮಳ ಮರದ ಜೊತೆ, ಒಂದೇ ಅಯಸ್ಕಾಂತದಡಿ.
ಮೂರು ಸಲ ಹೋಗಿ ಬಂದೆವು. ನಾಲ್ಕನೆಯದು ಸೋಮವಾರ.

ನಿನ್ನೆ ಊಟಕ್ಕೆ ಕೂತಾಗ
ಮನೋಹರ ಮೊದಲ ತುತ್ತಿಗೇ ಮುಖ ಕಿವುಚಿ
‘ಅಕ್ಕಾರ, ಸಾರಿಗೆ ಉಪ್ಪು ಕಮ್ಮಿ ಆಗ್ಯಾದ’ ಅಂದ.
ಹೆಫ್ಸಿಬಾ ನನ್ನ ಕಡೆ ಒಮ್ಮೆ ನೋಡಿ
ಉಪ್ಪಿನ ಡಬ್ಬಿ ಅವನತ್ತ ತಳ್ಳಿದಳು.