ಅರ್ಧ ಮಾತ್ರೆ

ಮರಳು ಕಾದಿದೆಯೇ ಎಂದು ತಿಳಿಯಲು
ನನಗೆ ಮೀಟರು ಬೇಡ. ಬಾಣಲೆಯ ಮೇಲೆ
ಒಂದು ಉಸಿರಿನಷ್ಟು ಹೊತ್ತು ಅಂಗೈ ಹಿಡಿದರೆ ಸಾಕು.
ಇಪ್ಪತ್ತೆರಡು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಅಕ್ಕಿ ಅರಳಿಸಿದ ಕೈ ಇದು.
ಮಗಳ ಹಣೆ ಮುಟ್ಟಿದರೆ ಮಾತ್ರ
ಇದಕ್ಕೆ ಏನೂ ತಿಳಿಯುವುದಿಲ್ಲ,
ಚರ್ಮ ದಡ್ಡುಗಟ್ಟಿದೆ.
ಕೆನ್ನೆಗೆ ಕೆನ್ನೆ ಹಚ್ಚಿ ನೋಡಬೇಕು ಜ್ವರ.
ಗಡ್ಡ ಚುಚ್ಚುತ್ತೆ ಅಬ್ಬಾ, ಅನ್ನುತ್ತಾಳೆ ಮುಬೀನಾ.

ಇಪ್ಪತ್ತೊಂದು ದಿನಕ್ಕೊಮ್ಮೆ ಅವಳ ಉಗುರು
ನೆನೆಸಿಟ್ಟ ಅಕ್ಕಿಯ ಬಣ್ಣಕ್ಕೆ ತಿರುಗುತ್ತದೆ.
ಆಗ ಆಸ್ಪತ್ರೆ. ಯಾರದೋ ರಕ್ತ.
ರಕ್ತಕ್ಕೆ ಮೊದಲಿನ ಅರ್ಧ ಗಂಟೆ ನನ್ನ ಪಾಳಿ:
ಮಾತ್ರೆ ಮುರಿದು, ಚಮಚದ ಬೆನ್ನಲ್ಲಿ ಅರೆದು,
ಸಕ್ಕರೆ ಬೆರೆಸಿ ನಾಲಿಗೆಗೆ ಇಡುವುದು.
ಆಮೇಲೆ ಸಿಸ್ಟರ್ ಸರ್ವಮಂಗಳಾ ಅವರ ಅಲರ್ಜಿಯ ಸೂಜಿ.
ಐದು ನಿಮಿಷಕ್ಕೆ ಹುಡುಗಿ ನಿದ್ದೆ,
ಸಂಜೆಯ ಆಟೋದವರೆಗೂ ನಿದ್ದೆ.
ಹಿಂದೊಮ್ಮೆ ಮಾತ್ರೆ ತಪ್ಪಿದ ದಿನ
ಕಬ್ಬಿಣದ ಮಂಚವೇ ನಡುಗಿತ್ತು ಅವಳ ಚಳಿಗೆ.
ಅಂದಿನಿಂದ ಅಂಗಿಯ ಜೇಬಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ;
ಒಗೆಯುವಾಗ ಹೆಂಡತಿ ತೆಗೆದು ಕಿಟಕಿಯಲ್ಲಿಟ್ಟು ಬೈಯುತ್ತಾಳೆ.

ಈ ಸಲ ಹೊಸ ಡಾಕ್ಟರಮ್ಮ, ಸಣ್ಣ ವಯಸ್ಸು,
ನನ್ನ ಚಮಚ ನೋಡಿ, ಬೇಡ, ಅಂದರು.
ಈಗ ರಕ್ತ ಸೋಸಿ ಬರುತ್ತೆ,
ಜ್ವರ ತರೋ ಬಿಳಿ ಕಣ ಅಲ್ಲೇ ತೆಗೆದಿರ್ತಾರೆ.
ಈ ಮಾತ್ರೆ ತಡೆಯುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ.
ಜ್ವರ ಬಂದರೆ ನಮಗೆ ಕಾಣಬೇಕು, ಅಡಗಿ ಕೂರಬಾರದು.
ಹೂಂ ಅಂದೆ. ನಂಬಲಿಲ್ಲ.
ಜರಡಿ ಹಿಡಿದ ಅಕ್ಕಿಯಲ್ಲೂ ಕಲ್ಲು ಉಳಿಯುತ್ತದೆ.

ಆ ಅರ್ಧ ಗಂಟೆ ಕೈಗೆ ಕೆಲಸವಿರಲಿಲ್ಲ.
ಕಾಗದದಲ್ಲಿ ಸಕ್ಕರೆ ಹಾಗೇ ಇತ್ತು.
ಒಂದು ಇರುವೆ ಬಂತು. ಆಮೇಲೆ ಮೂರು.

ಚೀಲ ತೂಗಿತು. ಮೊದಲ ಹದಿನೈದು ನಿಮಿಷ
ಸಿಸ್ಟರ್ ಮಂಚ ಬಿಟ್ಟು ಕದಲಲಿಲ್ಲ.
ನಾನು ಕೆನ್ನೆ ಹಚ್ಚಿದೆ, ಮತ್ತೆ ಹಚ್ಚಿದೆ,
ಮೂರನೆಯ ಸಲ ಮುಬೀನಾ ಗದರಿದಳು.
ಎಚ್ಚರವಾಗಿದ್ದಳು!
ಹನಿಗಳನ್ನು ಎಣಿಸಿದಳು, ನೂರ ಹನ್ನೆರಡಕ್ಕೆ ತಪ್ಪಿದಳು.
ಇದು ಗಂಡಸಿಂದಾ ಹೆಂಗಸಿಂದಾ,
ಅವರು ಮಿರ್ಚಿ ತಿಂದಿದ್ರೆ ನನಗೂ ಖಾರ ಆಗುತ್ತಾ,
ಚೀಲದ ಮೇಲೆ ಅವರ ಹೆಸರು ಯಾಕಿಲ್ಲ,
ಹೆಸರು ಗೊತ್ತಿಲ್ಲದವರಿಗೆ ದುವಾ ಹೇಗೆ ಮಾಡೋದು.
ಆರು ವರ್ಷ ಪಕ್ಕದಲ್ಲೇ ಕೂತಿದ್ದೆ,
ಅವಳ ನಿದ್ದೆಯೊಳಗೆ ಇಷ್ಟು ಮಾತಿದ್ದದ್ದು ತಿಳಿದಿರಲಿಲ್ಲ.

ಮೂರೂವರೆಗೆ ತೊಂಬತ್ತೊಂಬತ್ತು.
ಸಿಸ್ಟರ್ ಬರೆದುಕೊಂಡರು, ಏನೂ ಹೇಳಲಿಲ್ಲ.
ನಾನು ಜೇಬು ಮುಟ್ಟಿ ನೋಡಿಕೊಂಡೆ.
ನಾಲ್ಕಕ್ಕೆ ತೊಂಬತ್ತೆಂಟು ಚಿಲ್ಲರೆ.

ಅಶೋಕ ರಸ್ತೆಯಲ್ಲಿ ರೈಲ್ವೆ ಗೇಟು ಬಿದ್ದಿತ್ತು.
ಆಟೋದಲ್ಲಿ ಅವಳು ನನ್ನ ಅಂಗೈ ಬಿಡಿಸಿ
ತನ್ನ ಹಣೆಗೆ ಇಟ್ಟುಕೊಂಡಳು:
ಹೇಳು, ಬಿಸಿ ಇದೆಯಾ?
ಈ ಕೈಗೆ ಗೊತ್ತಾಗಲ್ಲ ಕಣೆ, ಅಂದೆ.
ಬಿಡು, ಆದರೆ ನಾನೇ ಹೇಳ್ತೀನಿ, ಅಂದು
ಗೂಡ್ಸ್ ಗಾಡಿಯ ಡಬ್ಬಿ ಎಣಿಸತೊಡಗಿದಳು,
ಒಂದರಿಂದ.